ಎಚ್ಚರಕ್ಕೆ ಮೂರು ಅಂಕ

ಮನೆಯ ಎಮ್ಮೆ ಈದು ಎಂಟು ದಿನವಾಗಿತ್ತು. ಬರುವಾಗ ಹತ್ತಿಕಾಳು ತನ್ನಿ ಎಂದು ಹೆಂಡತಿ ಹೇಳಿ ಕಳಿಸಿದ್ದಳು. ಯಾವಾಗಲೂ ಕೊಳ್ಳುವ ಅಂಗಡಿ ಆ ದಿನ ಮುಚ್ಚಿತ್ತು. ಎದುರಿನ ಪಾನಿನ ಅಂಗಡಿಯವನು, ಸ್ಟೇಶನ್ನಿನ ಹಿಂದಿನ ಗೋದಾಮಿನಲ್ಲಿ ಸಿಗುತ್ತದೆ ಎಂದು ಕೈ ತೋರಿಸಿದ. ಹೋದೆ. ಬಾಗಿಲ ತನಕ ಬಂದರೂ ಗುರುತು ಹತ್ತಲಿಲ್ಲ. ಗೋಡೆಗೆ ಹೊಸ ಸುಣ್ಣ, ತಗಡಿನ ಮೇಲೆ ಬೇರೆ ಯಾರದೋ ಹೆಸರು. ಒಳಗಿದ್ದ ವ್ಯಾಪಾರಿ ಚೀಲದ ಬಾಯಿ ಬಿಚ್ಚಿ ಒಂದು ಬೊಗಸೆ ಕಾಳನ್ನು ನನ್ನ ಮೂಗಿನ ಹತ್ತಿರ ಹಿಡಿದ.

“ವಾಸನಿ ನೋಡ್ರಿ. ಹೊಸಾ ಮಾಲು.”

ಎಣ್ಣೆ, ಒಣಮಣ್ಣು, ಬಿಸಿಲು ಕುಡಿದ ಹತ್ತಿ. ಆ ವಾಸನೆ ಒಳಗೆ ಹೋದದ್ದೇ ತಡ, ನಾನು ನಿಂತ ಜಾಗ ಯಾವುದೆಂದು ತಿಳಿಯಿತು. ಎಡಕ್ಕೆ ತಿರುಗಿದರೆ ಗೇಟಿನ ಪಕ್ಕದ ಸಣ್ಣ ಕೋಣೆ ಹಾಗೆಯೇ ಇತ್ತು. ಆ ಕೋಣೆಯಲ್ಲಿ ನಾನು ಒಂದೇ ಒಂದು ಹತ್ತಿಯ ಸುಗ್ಗಿ ಕೂತಿದ್ದೆ. ಕಾಳು ತೂಗಿಸದೆ ಹೊರಗೆ ಬಂದೆ. ವ್ಯಾಪಾರಿ ಹಿಂದಿನಿಂದ ಕೂಗುತ್ತಲೇ ಇದ್ದ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ವರ್ಷ ನನಗೆ ಇಪ್ಪತ್ಮೂರು ವಯಸ್ಸು. ಬಿ.ಕಾಂ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತಿದ್ದೆ. ನಮ್ಮದು ಬೆಟಗೇರಿಯಲ್ಲಿ ಹನುಮಂತದೇವರ ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನ. ಪ್ರತಿ ಶನಿವಾರ ಗುಡಿಗೆ ಬರುತ್ತಿದ್ದ ಒಬ್ಬ ದಿವಾನಜಿಯ ಮುಂದೆ ಅಪ್ಪ ಒಂದು ದಿನ ಕೈ ಮುಗಿದು ನಿಂತರು. ದಿವಾನಜಿ ಎಂದರೆ ಹತ್ತಿಯಿಂದ ಕಾಳು ಬೇರ್ಪಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿಯ ದೊಡ್ಡ ಗುಮಾಸ್ತರು. ಫ್ಯಾಕ್ಟರಿಯ ಮಾಲೀಕರಾದ ಸಾವಕಾರರಿಗೆ ಎರಡು ಕೈಯಿದ್ದರೆ ಒಂದು ಕೈ ಇವರು. ಮರುವಾರವೇ ನನಗೆ ಗೇಟಿನ ಗುಮಾಸ್ತೆಯ ಕೆಲಸ ಸಿಕ್ಕಿತು. ದೇವರಿಗೆ ಮಾತ್ರ ಕೈ ಮುಗಿಯುತ್ತಿದ್ದ ಅಪ್ಪ ಮನುಷ್ಯನಿಗೆ ಕೈ ಮುಗಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಕೆಲಸವನ್ನು ಏನೇ ಆದರೂ ಕಳೆದುಕೊಳ್ಳಬಾರದು ಎಂದು ಆಗಲೇ ಹಲ್ಲು ಕಚ್ಚಿದ್ದೆ.

ಕೆಲಸ ಸರಳ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಸಾವಕಾರರ ಲಾರಿಗಳು ಹತ್ತಿ ತುಂಬಿಕೊಂಡು ಬರುತ್ತಿದ್ದವು. ಅಲ್ಲಿಂದ ಎಷ್ಟು ಗಂಟೆಗೆ ಹೊರಟವು ಎಂಬುದು ಚಾಲಕನ ಚೀಟಿಯಲ್ಲಿರುತ್ತಿತ್ತು. ಇಲ್ಲಿಗೆ ಎಷ್ಟಕ್ಕೆ ಮುಟ್ಟಿದವು ಎಂದು ನಾನು ರಜಿಸ್ಟರಿನಲ್ಲಿ ಬರೆಯಬೇಕು. ಗಾಡಿಯ ಬಗ್ಗೆ ಚಾಲಕ ಏನಾದರೂ ತಕರಾರು ಹೇಳಿದರೆ ಕೊನೆಯ ಕಾಲಮಿನಲ್ಲಿ ಅದನ್ನೂ ಬರೆಯಬೇಕು. ಪಕ್ಕದಲ್ಲಿ ಕಾಟಾ ಇತ್ತು, ಲಾರಿ ತೂಗುವುದು. ಕಾಟಾದ ಮೇಲೆ ಇದ್ದವನು ಈರಣ್ಣ.

ಈರಣ್ಣ ನಮ್ಮ ಓಣಿಯವನೇ, ನನಗಿಂತ ಹತ್ತು ವರ್ಷ ದೊಡ್ಡವನು, ನೇಕಾರ. ಆ ವರ್ಷ ನೂಲು ಸಿಗದೆ ಅವನ ಮನೆಯ ಎರಡೂ ಮಗ್ಗ ನಿಂತಿದ್ದವು. ಸುಗ್ಗಿಯ ಮಟ್ಟಿಗೆ ಕಾಟಾದ ಕೆಲಸ ಹಿಡಿದಿದ್ದ. ಕೈ ಸುಮ್ಮನಿದ್ದರೆ ಅವನಿಗೆ ಮೈಯಲ್ಲಿ ಹುಷಾರಿರುತ್ತಿರಲಿಲ್ಲ. ಲಾರಿಗಳ ನಡುವಿನ ಖಾಲಿ ಹೊತ್ತಿನಲ್ಲಿ ಬೆರಳುಗಳನ್ನು ಇಲ್ಲದ ಎಳೆಗಳ ಮೇಲೆ ಆಡಿಸುತ್ತ ಕೂತಿರುತ್ತಿದ್ದ.

ಮೊದಲು ಮುಟ್ಟಿದ ಲಾರಿಗೆ ಮೊದಲು ಖಾಲಿಯಾಗುವ ಪಾಳಿ. ಹಾಗಾಗಿ ಚಾಲಕರು ಓಡಿಸಿಕೊಂಡು ಬರುತ್ತಿದ್ದರು. ಶಿರಹಟ್ಟಿಯಿಂದ ಒಟ್ಟಿಗೆ ಹೊರಟ ಇಬ್ಬರಲ್ಲಿ ಯಾರು ಮೊದಲು ಗೇಟು ಮುಟ್ಟುತ್ತಾರೆ ಎಂದು ಹಮಾಲರು ಬೀಡಿಯ ಪಣ ಕಟ್ಟುತ್ತಿದ್ದರು. ಒಂದು ಮಧ್ಯಾಹ್ನ ಈರಣ್ಣ ನನ್ನ ರಜಿಸ್ಟರನ್ನು ತಿರುವುತ್ತ ಹೇಳಿದ:

“ಲೇ ರಾಘ್ಯಾ, ಯಾರು ಹೆಂಗ ಗಾಡಿ ಹೊಡೀತಾರ ಅನ್ನೋದು ಎಲ್ಲಾ ಇದರಾಗ ಐತಲ್ಲೋ. ಇದನ್ನ ಒಂದು ಆಟ ಮಾಡೂಣೇನು?”

ಮರುದಿನ ಮನೆಯಿಂದ ಒಂದು ಬಿಳಿ ಮಗ್ಗದ ಬಟ್ಟೆ ತಂದ. ಅದರ ಮೇಲೆ ನೀಲಿಯಲ್ಲಿ ರಸ್ತೆ ಬರೆದಿದ್ದ. ಗದಗಿನಿಂದ ಹೊರಟು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಡಂಬಳ ಸುತ್ತಿಕೊಂಡು ಮತ್ತೆ ನಮ್ಮ ಗೇಟಿಗೆ ಬರುವ ರಸ್ತೆ. ಅಷ್ಟು ಉದ್ದಕ್ಕೂ ಚೌಕದ ಮನೆಗಳು. ಕವಡೆ ಬಿದ್ದಷ್ಟು ಮನೆ ಮುಂದೆ ಹೋಗಬೇಕು. ಇಷ್ಟಾದರೆ ಅದು ಯಾವ ಹೆಂಗಸರಾದರೂ ಆಡುವ ಚೌಕಾಬಾರ. ಈರಣ್ಣನಿಗೆ ಬೇಕಾಗಿದ್ದದ್ದು ಅದಲ್ಲ. ಲಾರಿ ಓಡಿಸುವವನು ಬಸ್ಯಾ ಆಗಿದ್ದರೆ ಬಸ್ಯಾನ ಹಾಗೆಯೇ ಓಡಬೇಕು, ಫಕ್ಕೀರಪ್ಪನಾಗಿದ್ದರೆ ಫಕ್ಕೀರಪ್ಪನ ಹಾಗೆ.

“ಮನಶಾನ ಗುಣಾ ಅಂಕಿಯೊಳಗ ಬರಬೇಕು” ಎಂದ. “ಇಲ್ಲಂದ್ರ ಅದೇನ ಆಟ?”

ಒಬ್ಬೊಬ್ಬ ಚಾಲಕನಿಗೆ ನಾಲ್ಕು ಅಂಕ ಎಂದು ಗೊತ್ತು ಮಾಡಿದೆವು: ಓಟ, ತಿರುವು, ಬ್ರೇಕು, ಎಚ್ಚರ. ಒಂದರಿಂದ ಹತ್ತರ ತನಕ. ಒಂದು ಡಬ್ಬಿಯಲ್ಲಿ ಒಂದರಿಂದ ಹತ್ತು ಬರೆದ ಚೀಟಿಗಳು. ತಿರುವಿನ ಮನೆಗೆ ಬಂದರೆ ಚೀಟಿ ಎತ್ತಬೇಕು. ಚೀಟಿಯ ಸಂಖ್ಯೆ ನಿನ್ನ ತಿರುವಿನ ಅಂಕಕ್ಕಿಂತ ಹೆಚ್ಚಾದರೆ ಗಾಡಿ ಹೊಲಕ್ಕಿಳಿಯಿತು. ಬ್ರೇಕಿನ ಮನೆಗೂ ಎಚ್ಚರದ ಮನೆಗೂ ಅದೇ ಕಾನೂನು.

ಅಂಕ ಕೊಡುವುದರಲ್ಲೇ ಒಂದು ತಿಂಗಳು ಹೋಯಿತು. ಆ ತಿಂಗಳು ನನ್ನ ಬದುಕಿನ ಅತ್ಯಂತ ಸುಖದ ತಿಂಗಳು ಎಂದು ಈಗ ಹೇಳಲು ನಾಚಿಕೆಯಾಗುತ್ತದೆ. ಹಳೆಯ ಗೇಟ್ ರಜಿಸ್ಟರಿನಲ್ಲಿ ಉಳಿದಿದ್ದ ಖಾಲಿ ಹಾಳೆಗಳಲ್ಲಿ ಎಲ್ಲ ಬರೆದೆವು. ಮೊದಲ ಹಾಳೆಯ ಮೇಲೆ ದುಂಡಗೆ ‘ಖರೇ ಅಂಕಿಗಳು’ ಎಂದು ಬರೆದೆ. ಓಟ ಸುಲಭ, ಗಂಟೆ ಲೆಕ್ಕ ಹಾಕಿದರೆ ಸಿಗುತ್ತಿತ್ತು. ಆದರೆ ಈರಣ್ಣ ಅಷ್ಟಕ್ಕೆ ಒಪ್ಪುತ್ತಿರಲಿಲ್ಲ. “ಗಾಡಿ ಹಳೀದಿದ್ರ ಅದು ಡ್ರೈವರನ ತಪ್ಪೇನು? ಇಬ್ಬರು ಗಾಡಿ ಅದಲಬದಲ ಮಾಡಿಕೊಂಡ ದಿನಾ ನೋಡಿ ಬರಿ” ಎನ್ನುತ್ತಿದ್ದ. ನಾಲ್ಕೇ ಸಲ ಬಂದವನಿಗೆ ಅಂಕ ಕೊಡಲು ಬಿಡುತ್ತಿರಲಿಲ್ಲ: “ಒಂದು ಎಳಿ ನೋಡಿ ಸೀರಿ ಬಣ್ಣಾ ಹೇಳತಿ ಏನು?” ಲಾರಿ ಕಾಟಾದ ಮೇಲೆ ನಿಂತ ಕೂಡಲೇ ಚಕ್ರದ ನಡುವೆ ಕೈ ಇಟ್ಟು ನೋಡುತ್ತಿದ್ದ. ಕೈ ಸುಡುವಂತಿದ್ದರೆ ಆ ಚಾಲಕ ಹತ್ತಿರ ಬಂದ ಮೇಲೆ ಬ್ರೇಕು ಒತ್ತುವವನು. ಬೆಚ್ಚಗಿದ್ದರೆ ದೂರದಿಂದಲೇ ಕಂಡವನು. ಟೈರಿನ ಅಂಚು ಸವೆದದ್ದು, ದಾರಿಯಲ್ಲಿ ಎಷ್ಟು ಅಂಡಿಗೆ ಉದುರಿದ್ದವು, ಚಾಲಕನ ಬೆನ್ನು ಎಷ್ಟು ಬೆವರಿತ್ತು — ಎಲ್ಲ ನೋಡುತ್ತಿದ್ದ. ಅಂಡಿಗೆ ಎಂದರೆ ಹತ್ತಿ ತುಂಬಿದ, ಆಳೆತ್ತರದ ಗೋಣಿ. ಪ್ರತಿ ಅಂಕಕ್ಕೂ ಪಕ್ಕದಲ್ಲಿ ಕಾರಣ ಬರೆಯಬೇಕು ಎಂಬುದು ಅವನ ಹಟ. ಬರೆಯುವ ಕೈ ನನ್ನದು.

ಲಕ್ಷ್ಮೇಶ್ವರದ ಬಸ್ಯಾ, ಮೀಸೆ ಚಿಗುರಿದ ಚಾಲಕ: ಓಟ ಒಂಬತ್ತು, ಬ್ರೇಕು ಎರಡು. ಶಿರಹಟ್ಟಿಯ ಫಕ್ಕೀರಪ್ಪ: ಓಟ ಆರು, ತಿರುವು ಒಂಬತ್ತು, ಬ್ರೇಕು ಒಂಬತ್ತು, ಎಚ್ಚರ ಒಂಬತ್ತು. ಹತ್ತು ಯಾರಿಗೂ ಕೊಡಲಿಲ್ಲ. “ಹತ್ತು ದೇವರಿಗೆ” ಎಂದ ಈರಣ್ಣ.

ಫಕ್ಕೀರಪ್ಪನಿಗೆ ಐವತ್ತು ದಾಟಿತ್ತು. ಸಣಕಲು ಮೈ, ತಲೆಗೆ ಮಾಸಿದ ರುಮಾಲು. ಸಾವಕಾರರ ಲಾರಿಗಳಲ್ಲೆಲ್ಲ ಹಳೆಯದು ಅವನ ಕೈಯಲ್ಲಿತ್ತು. ಅವನು ಯಾರ ಜೊತೆಯೂ ಪೈಪೋಟಿ ಮಾಡುತ್ತಿರಲಿಲ್ಲ. ಆದರೂ ಎಲ್ಲರೂ ಒಂದಿಲ್ಲೊಂದು ಕಡೆ ಟೈರು ಬಿಚ್ಚಿಕೊಂಡು ಕೂತಿರುವಾಗ ಇವನ ಗಾಡಿ ಕಪ್ಪತಗುಡ್ಡದ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ನೆಟ್ಟಗೆ ಬಂದು ಗೇಟಿನ ಮುಂದೆ ನಿಲ್ಲುತ್ತಿತ್ತು. ನನ್ನನ್ನು ‘ಗುಮಾಸ್ತರ’ ಎಂದೇ ಕರೆಯುತ್ತಿದ್ದ. ಓದು ಬರಹ ಬರುತ್ತಿರಲಿಲ್ಲ. ನಾನು ಬರೆಯುವಾಗ ಲೆಕ್ಕಣಿಕೆ ಹೋದ ಕಡೆಗೆಲ್ಲ ಅವನ ಕಣ್ಣು ಹೋಗುತ್ತಿತ್ತು, ಗುಡಿಯಲ್ಲಿ ಮಂಗಳಾರತಿ ನೋಡುವವರ ಹಾಗೆ.

ಆಟ ಶುರುವಾದ ಮೇಲೆ ನಮ್ಮ ಕೋಣೆಯ ಮುಂದೆ ಜನ ಕೂಡತೊಡಗಿದರು. ಪಾಳಿಗೆ ಕಾಯುವ ಚಾಲಕರು ಆಟದ ಕಾಯಿಯಾಗಿ ಮಾಡಿದ್ದ, ತಮ್ಮ ಹೆಸರಿನ ಸಣ್ಣ ಮಣ್ಣಿನ ಲಾರಿಯನ್ನು ತಾವೇ ನಡೆಸುವರು. ಬಸ್ಯಾನ ಗಾಡಿ ಎರಡು ಸಲ ಹೊಲಕ್ಕೆ ಬಿದ್ದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಏಕೆಂದರೆ ಅದು ಬಸ್ಯಾನೇ ಆಗಿತ್ತು. ಅಷ್ಟು ಖರೆಯಾಗಿ ಕೂತಿದ್ದವು ಅಂಕಗಳು.

ತೊಂದರೆ ಒಂದೇ. ಪ್ರತಿ ಸಲವೂ ಫಕ್ಕೀರಪ್ಪನೇ ಗೆಲ್ಲುತ್ತಿದ್ದ. ಮೊದಮೊದಲು ಚಪ್ಪಾಳೆ ತಟ್ಟಿದರು. ಹದಿನೈದು ದಿನಕ್ಕೆ ಬೇಸರ ಬಂತು. ಬಸ್ಯಾ ಕವಡೆಯನ್ನು ಬಟ್ಟೆಯ ಮೇಲೆ ಒಗೆದು ಎದ್ದ. “ಇನ್ನ ಮ್ಯಾಲ ನೀವ ನೀವ ಆಡ್ಕೋರಿ. ಗೆಲ್ಲಾಂವ ಯಾರಂತ ಗೊತ್ತಿದ್ದ ಮ್ಯಾಲ ಏನ ಸ್ವಾರಸ್ಯ ಐತಿ?” ಮರುದಿನ ಕೋಣೆಯ ಮುಂದೆ ಇಬ್ಬರೇ ಇದ್ದರು. ಅದರ ಮರುದಿನ ಯಾರೂ ಇರಲಿಲ್ಲ.

ಜನ ಸುತ್ತ ಕೂತು ನನ್ನ ಮಾತಿಗೆ ಕಾಯುತ್ತಿದ್ದ ಸುಖ ನನಗೆ ಹತ್ತಿಬಿಟ್ಟಿತ್ತು. ಅದು ಹೋದದ್ದನ್ನು ತಡೆಯಲಾಗಲಿಲ್ಲ.

“ಈರಣ್ಣ, ಫಕ್ಕೀರಪ್ಪನ ಒಂದು ಅಂಕ ಇಳಸೂಣು. ಎಚ್ಚರದ್ದು ಮೂರು ಮಾಡಿದ್ರ ಆಟ ಸರಿಗೆ ಬರ್ತೈತಿ.”

“ಹುಚ್ಚ ಅದೀಯೇನ? ಆಂವನಷ್ಟು ಎಚ್ಚರ ಇರಾಂವ ಈ ನಾಕೂ ಊರಾಗ ಇಲ್ಲ.”

“ಆಟ ಉಳೀಬೇಕಲ್ಲ?”

“ಹಂಗಾರ ಮದಲನೇ ಹಾಳಿ ಮ್ಯಾಲಿನ ಹೆಸರು ಹೊಡದ ಹಾಕು. ಇಲ್ಲಾ, ಮೂರು ಯಾಕಂತ ಕಾರಣಾ ಬರಿ. ಕಾರಣಾ ಇಲ್ಲದ ಅಂಕಿ ನನ್ನ ಆಟದಾಗ ಬ್ಯಾಡ.”

ಕಾರಣವಿಲ್ಲ ಎಂಬುದು ಅವನ ಮಾತಿನ ಅರ್ಥ. ನಾನು ಅದನ್ನು ಹಾಗೆ ತೆಗೆದುಕೊಳ್ಳಲಿಲ್ಲ. ಒಂಬತ್ತನ್ನು ಹೊಡೆದುಹಾಕದೆ, ಆ ಹಾಳೆಯನ್ನೇ ಹರಿದು, ಹೊಸ ಹಾಳೆಯಲ್ಲಿ ಫಕ್ಕೀರಪ್ಪನ ಹೆಸರು ಮತ್ತೆ ಬರೆದೆ. ಎಚ್ಚರ: ಮೂರು. ಪಕ್ಕದಲ್ಲಿ ಕಾರಣ: ‘ಊಟವಾದ ಮೇಲೆ ಗಾಡಿ ನಡೆಸುವಾಗ ಕಣ್ಣು ಹತ್ತುತ್ತವೆ.’ ಬರೆಯಲು ಒಂದು ನಿಮಿಷ ಸಹ ಹಿಡಿಯಲಿಲ್ಲ. ಅಕ್ಷರ ದುಂಡಗೆ ಬಂದವು.

ಆ ಮಧ್ಯಾಹ್ನ ಫಕ್ಕೀರಪ್ಪ ಮೊದಲ ಸಲ ಸೋತ. ಬಸ್ಯಾ ಕುಣಿದಾಡಿದ. ಮಣ್ಣಿನ ಲಾರಿಯನ್ನು ಕೈಯಲ್ಲಿ ಹಿಡಿದುಕೊಂಡು ಫಕ್ಕೀರಪ್ಪ ನನ್ನ ಮುಖ ನೋಡಿದ.

“ಇವತ್ತ ನನ್ನ ಗಾಡಿಗೆ ಏನಾತ್ರಿ ಗುಮಾಸ್ತರ?”

“ಊಟ ಆದ ಮ್ಯಾಲ ನಿಮಗ ಕಣ್ಣ ಹತ್ತತಾವಂತ ಪುಸ್ತಕದಾಗ ಐತ್ರಿ” ಎಂದೆ. ಎಲ್ಲರೂ ನಕ್ಕರು.

“ನನಗ?” ಎಂದ ಅವನು. ನಗಲಿಲ್ಲ. “ಪುಸ್ತಕದಾಗ ಐತೇನ್ರಿ?”

ಅಂದಿನಿಂದ ಅವನು ಊಟವಾದ ಮೇಲೆ ಎರಡು ಸಲ ಚಹಾ ಕುಡಿಯತೊಡಗಿದ. ಮುಖಕ್ಕೆ ನೀರು ಹೊಡೆದುಕೊಂಡು ಗಾಡಿ ಹತ್ತುತ್ತಿದ್ದ. ತನ್ನ ಲಾರಿಯ ಹಮಾಲ, ಡಂಬಳದ ಯಲ್ಲಪ್ಪನನ್ನು ನನ್ನೆದುರಿಗೇ ಕೇಳಿದ: “ಖರೆ ಹೇಳೋ, ನಾ ಗಾಡಿ ಹೊಡೆಯೋವಾಗ ತೂಕಡಸ್ತೀನೇನ?” ಯಲ್ಲಪ್ಪ ತಂಬಾಕು ತಿಕ್ಕುತ್ತ, “ನನಗೇನ ಗೊತ್ತೋ ಯಪ್ಪಾ, ನಾನ ಮ್ಯಾಲ ಹತ್ತಿಯೊಳಗ ಮಕ್ಕೊಂಡಿರತೀನಿ” ಎಂದ. ಮತ್ತೆ ನಗು. ನಾನೂ ನಕ್ಕೆ. ಅದು ತಮಾಷೆ, ನಿನ್ನ ಅಂಕ ಒಂಬತ್ತು ಎಂದು ಆಗ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆಟ ಮತ್ತೆ ಕಳೆಗಟ್ಟಿತ್ತು. ಹೇಳಲಿಲ್ಲ.

ಅದೇ ವಾರ ಫಕ್ಕೀರಪ್ಪ ಗೇಟಿನಲ್ಲಿ ತಕರಾರು ಬರೆಸಿದ: “ಸ್ಟೇರಿಂಗ ಸಡಲ ಆಗೇತ್ರಿ. ಎಡಕ್ಕ ತಿರುವಿದ್ರ ಗಾಡಿ ಒಂದ ಗಳಿಗಿ ಬಿಟ್ಟು ತಿರಗತೈತಿ. ಸಾವಕಾರರಿಗೆ ಹೇಳ್ರಿ.” ಆಗ ನಡೆಯುತ್ತಿದ್ದ ರಜಿಸ್ಟರಿನ ಕೊನೆಯ ಕಾಲಮಿನಲ್ಲಿ ಬರೆದೆ. ಮೂರು ದಿನ ಬಿಟ್ಟು ಮತ್ತೆ ಬರೆಸಿದ. ಮತ್ತೆ ಬರೆದೆ. ದಿವಾನಜಿ ಎರಡಕ್ಕೂ ಸಹಿ ಹಾಕಿದರು. ಸುಗ್ಗಿ ಮುಗಿಯಲಿ, ಒಂದೇ ಸಲ ಎಲ್ಲ ಲಾರಿಗಳನ್ನೂ ರಿಪೇರಿಗೆ ಬಿಡೋಣ ಎಂದರು.

ಬಿಸಿಲು ಏರತೊಡಗಿತ್ತು. ಆ ದಿನ ಫಕ್ಕೀರಪ್ಪನ ಗಾಡಿಯನ್ನೂ ಬಸ್ಯಾನ ಗಾಡಿಯನ್ನೂ ಮುಂಡರಗಿಗೆ ಕಳಿಸಿದ್ದರು. ಊಟದ ಹೊತ್ತು ಮುಗಿದು ಗಿರಣಿಯ ಭೋಂಗಾ ಕೂಗಿದ ಮೇಲೆ, ಬಸ್ಯಾ ಗೇಟಿನೊಳಕ್ಕೆ ಲಾರಿ ನುಗ್ಗಿಸಿ ಬಾಗಿಲು ತೆಗೆಯದೆ ಕಿಟಕಿಯಿಂದಲೇ ಕಿರುಚಿದ:

“ಡಂಬಳದ ಈಚೆ ಫಕ್ಕೀರಪ್ಪಣ್ಣನ ಗಾಡಿ ಪಲ್ಟಿ ಆಗೇತಿ! ಯಲ್ಲಪ್ಪ ತೆಳಗ ಸಿಕ್ಕಾನ!”

ಈರಣ್ಣನೂ ನಾನೂ ಅದೇ ಲಾರಿ ಹತ್ತಿದೆವು. ರಸ್ತೆ ಎಡಕ್ಕೆ ಹೊರಳುವಲ್ಲಿ ಲಾರಿ ನೆಟ್ಟಗೆ ಹೋಗಿ ಎರೆಹೊಲದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಅಂಡಿಗೆಗಳು ಒಡೆದು ಕರಿಮಣ್ಣಿನ ಮೇಲೆಲ್ಲ ಹತ್ತಿ. ಫಕ್ಕೀರಪ್ಪ ಹಣೆಯಿಂದ ನೆತ್ತರು ಇಳಿಯುತ್ತಿದ್ದರೂ ಎರಡು ಕೈಯಿಂದ ಹತ್ತಿ ಬಗೆಯುತ್ತಿದ್ದ. ನಾವೂ ಬಗೆದೆವು. ಒಂದರ ಕೆಳಗೊಂದು ಅಂಡಿಗೆ. ಎಳೆದಷ್ಟೂ ಮೇಲಿನದು ಜರಿಯುತ್ತಿತ್ತು. ಯಲ್ಲಪ್ಪ ಸಿಕ್ಕಾಗ ಅವನ ಮೈಮೇಲೆ ಒಂದು ಗೀರು ಇರಲಿಲ್ಲ. ಬಾಯಿ ಮೂಗಿನ ತುಂಬ ಹತ್ತಿ. ಈರಣ್ಣ ಬೆರಳು ಹಾಕಿ ಅದನ್ನು ಎಳೆಎಳೆಯಾಗಿ ತೆಗೆಯುತ್ತ ಕೂತ. ತೆಗೆದು ಏನೂ ಆಗುವ ಹಾಗಿರಲಿಲ್ಲ.

“ತಿರುವಿದ್ನೋ ಈರಣ್ಣ” ಎಂದ ಫಕ್ಕೀರಪ್ಪ. “ನಾ ತಿರುವಿದ್ನಿ. ಗಾಲಿ ತಿರಗಲಿಲ್ಲ.” ಬೇರೆ ಮಾತೇ ಅವನ ಬಾಯಲ್ಲಿ ಬರಲಿಲ್ಲ. ಪೊಲೀಸ್ ಫೌಜದಾರರು ಬಂದು ಕರೆದುಕೊಂಡು ಹೋಗುವ ತನಕ ಅದನ್ನೇ ಹೇಳಿದ.

ಮರುದಿನ ಬೆಳಿಗ್ಗೆ ದಿವಾನಜಿ ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ಎರಡು ರಜಿಸ್ಟರುಗಳಿದ್ದವು. ಒಂದು ಈ ಸುಗ್ಗಿಯದು. ಇನ್ನೊಂದು ನಮ್ಮ ಆಟದ್ದು.

“ಇದು ಯಾರ ಅಕ್ಷರ?”

“ನಂದರಿ.”

“ಊಟ ಆದ ಮ್ಯಾಲ ಕಣ್ಣ ಹತ್ತತಾವ ಅಂತ ಬರದಿ. ಖರೆ ಏನು?”

“ಅದು ಆಟರಿ... ಟೈಮಪಾಸಿಗೆ...”

“ಆಟ ಇರವಲ್ದ್ಯಾಕ. ಮದಲನೇ ಹಾಳಿ ಮ್ಯಾಲ ಏನಂತ ಬರದಿ, ನೀನ ಓದು.”

ಕೊನೆಗೆ ಅವರೇ ಓದಿದರು: “ಖರೇ ಅಂಕಿಗಳು.” ಪುಸ್ತಕ ಮುಚ್ಚಿದರು. ದನಿ ಮೆತ್ತಗಾಯಿತು. “ನೋಡು ರಾಘವೇಂದ್ರ, ಸತ್ತಾಂವ ಎದ್ದ ಬರಂಗಿಲ್ಲ. ಡ್ರೈವರ್ ತೂಕಡಿಸಿದಾ ಅಂದ್ರ ಒಬ್ಬಂವಗ ತೊಂದರಿ. ಸ್ಟೇರಿಂಗ ಅಂದ್ರ ಇಡೀ ಫ್ಯಾಕ್ಟರಿಗೆ ಬೀಗ. ನಿಮ್ಮಪ್ಪ ನನ್ನ ಮುಂದ ಕೈ ಮುಗದು ನಿಂತದ್ದು ನನಗ ಇನ್ನೂ ನೆನಪೈತಿ.”

ನನ್ನ ಮುಂದೆ ಒಂದು ಹೊಸ ರಜಿಸ್ಟರು ಇಟ್ಟರು. ಸುಗ್ಗಿಯ ಮೊದಲ ದಿನದಿಂದ ಎಲ್ಲವನ್ನೂ ಅದರಲ್ಲಿ ನಕಲು ಮಾಡಬೇಕು, ಎರಡು ಸಾಲು ಬಿಟ್ಟು. ಯಾವ ಎರಡು ಸಾಲು ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಎರಡು ದಿನ ಬಾಗಿಲು ಹಾಕಿಕೊಂಡು ಬರೆದೆ. ಫಕ್ಕೀರಪ್ಪನ ಕೊನೆಯ ಕಾಲಮು ಖಾಲಿ ಬಿಟ್ಟೆ. ಹಳೆಯ ರಜಿಸ್ಟರು ಬಾಯ್ಲರಿನ ಒಲೆಗೆ ಹೋಯಿತು. ಆಮೇಲೆ ಫೌಜದಾರರ ಮುಂದೆ ಹೇಳಿಕೆ ಬರೆದುಕೊಟ್ಟೆ: ಚಾಲಕನಿಗೆ ಊಟದ ನಂತರ ತೂಕಡಿಕೆ ಬರುವುದು ಗೇಟಿನಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಅದು ಸುಳ್ಳೂ ಆಗಿರಲಿಲ್ಲ. ಎಲ್ಲರಿಗೂ ಗೊತ್ತಾಗುವ ಹಾಗೆ ನಾನೇ ಮಾಡಿದ್ದೆ.

ಈರಣ್ಣ ಅಂಥ ಹೇಳಿಕೆ ಕೊಡಲಿಲ್ಲ. ಆ ಸಂಜೆಯೇ ಲೆಕ್ಕ ತೀರಿಸಿಕೊಂಡು ಹೊರಟ. ಆಟದ ಬಟ್ಟೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಗೇಟಿನ ಹತ್ತಿರ ನಾನು ಅಡ್ಡ ನಿಂತೆ. “ಈರಣ್ಣ, ನಾನೇನ ಮಾಡ್ಲಿ? ನಿನಗ ಮನಿ ಐತಿ, ಮಗ್ಗ ಐತಿ. ನನಗ ಇದೊಂದ ಐತಿ” ಎಂದೆ.

“ನಿಂತ ಮಗ್ಗ ಐತಿ” ಎಂದ. “ಅಂಕಿ ಬದಲು ಮಾಡಿದ್ದಕ್ಕ ನಿನ್ನ ಬಯ್ಯಂಗಿಲ್ಲ. ನಾನೂ ನೋಡಿ ಸುಮ್ಮಕಾದ್ನಿ. ಆದ್ರ ಈಗ ಹೋಗಿ ಬದಲು ಮಾಡೀನಿ ಅಂತ ಹೇಳಾಕ ಬರ್ತೈತಿ ನೋಡು, ಇನ್ನೂ ಬರ್ತೈತಿ.” ನಾನು ಪಕ್ಕಕ್ಕೆ ಸರಿದೆ. ಅವನು ನನ್ನನ್ನು ದಾಟಿ ಹೋದ. ಅವನೇ ಠಾಣೆಗೆ ಹೋಗಿ ಸ್ಟೇರಿಂಗಿನ ಮಾತು ಹೇಳಿದನೆಂದು ಆಮೇಲೆ ತಿಳಿಯಿತು. ರಜಿಸ್ಟರಿನಲ್ಲಿ ಹಾಗೇನೂ ಇಲ್ಲವಲ್ಲ ಎಂದು ಅವನನ್ನು ಕಳಿಸಿಬಿಟ್ಟರಂತೆ. ಒಂದೇ ಓಣಿಯಲ್ಲಿದ್ದೂ ಅವನು ಮುಂದೆ ನನ್ನ ಜೊತೆ ಮಾತಾಡಲಿಲ್ಲ.

ಕಟಕಟೆಯಲ್ಲಿ ನಾನು ನಿಂತದ್ದು ಮಳೆಗಾಲದಲ್ಲಿ. ಫಕ್ಕೀರಪ್ಪನ ಪರ ವಕೀಲರನ್ನು ಸಾವಕಾರರೇ ಕೊಡಿಸಿದ್ದರು. ಎಲ್ಲರೂ ಅವರ ಧರ್ಮಬುದ್ಧಿಯನ್ನು ಹೊಗಳಿದರು. ಆ ವಕೀಲರು ಎದ್ದು ನನ್ನನ್ನು ಕೇಳಲು ಏನೂ ಇಲ್ಲ ಎಂದು ಕೂತರು. ಒಂದೇ ಒಂದು ಪ್ರಶ್ನೆ ಕೇಳಿದ್ದರೆ ನಾನು ಒಡೆದುಬಿಡುತ್ತಿದ್ದೆನೇನೋ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಹೇಳಿಕೊಳ್ಳುವುದಿಲ್ಲ. ಆರು ತಿಂಗಳ ಶಿಕ್ಷೆಯಾಯಿತು, ಲೈಸೆನ್ಸು ಹೋಯಿತು. ತೀರ್ಪು ಓದುವಾಗ ಫಕ್ಕೀರಪ್ಪ ನ್ಯಾಯಾಧೀಶರ ಕೈಯಲ್ಲಿದ್ದ ಕಾಗದವನ್ನೇ ನೋಡುತ್ತಿದ್ದ.

ಮುಂದಿನ ಸುಗ್ಗಿಗೆ ನಾನು ಆ ಗೇಟಿಗೆ ಹೋಗಲಿಲ್ಲ. ಸಾಲೆಯೊಂದರಲ್ಲಿ ಕಾರಕೂನಿಕೆ ಸಿಕ್ಕಿತು. ಅದಕ್ಕೂ ದಿವಾನಜಿಯದೇ ಶಿಫಾರಸು. ಎರಡು ವರ್ಷ ತಡೆದೆ. ಅಪ್ಪ ತೀರಿಕೊಂಡ ಮೇಲೆ, ಇನ್ನು ಹೆದರುವುದಕ್ಕೆ ನನ್ನ ಬಳಿ ನೆಪ ಉಳಿಯದಾದಾಗ, ಒಂದು ದಿನ ಶಿರಹಟ್ಟಿಗೆ ಹೋದೆ.

ಫಕ್ಕೀರಪ್ಪ ಮನೆಯ ಕಟ್ಟೆಯ ಮೇಲೆ ಕೂತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ರುಮಾಲು ಸರಿಮಾಡಿಕೊಂಡ.

“ಬರ್ರಿ ಗುಮಾಸ್ತರ, ಬರ್ರಿ. ಕುಂಡ್ರಿ. ಏ, ಯಾರು ಬಂದಾರ ನೋಡಿಲ್ಲೆ, ಚಾ ಇಡು.”

ಬೈದಿದ್ದರೆ, ಹೊರಗೆ ನೂಕಿದ್ದರೆ ನನಗೆ ಹಗುರವಾಗುತ್ತಿತ್ತು. ಅವನ ಹೆಂಡತಿ ಚಹಾ ತಂದಿಟ್ಟು ನನ್ನ ಮುಖ ನೋಡದೆ ಒಳಗೆ ಹೋದಳು. ಬರುವಾಗ ದಾರಿಯುದ್ದಕ್ಕೂ ಕಟ್ಟಿಕೊಂಡ ಮಾತುಗಳೆಲ್ಲ ಮರೆತುಹೋದವು.

“ಫಕ್ಕೀರಪ್ಪಣ್ಣ, ನೀವು ಅವತ್ತ ತೂಕಡಿಸಿದ್ದಿಲ್ಲ.”

ಅವನ ಕೈ ಹಗ್ಗದ ಮೇಲೆ ನಿಂತಿತು.

“ಯಾರಿಗೆ ಗೊತ್ತರಿ” ಎಂದ ನಿಧಾನವಾಗಿ. “ಮದಲ ನಾನೂ ಹಂಗ ಅಂತಿದ್ನಿ. ಗಾಲಿ ತಿರಗಲಿಲ್ಲ, ಗಾಲಿ ತಿರಗಲಿಲ್ಲ ಅಂತ. ಜೇಲಿನ್ಯಾಗ ಕುಂತು ಇಚಾರ ಮಾಡಿದ್ನಿ. ಕಣ್ಣ ಹತ್ತಿದಾಂವಗ ಕಣ್ಣ ಹತ್ತಿದ್ದು ಹೆಂಗ ಗೊತ್ತಾಕೈತಿ? ತಿರುವಿದ್ನಿ ಅಂತ ಕನಸು ಬಿದ್ದಿರಬೇಕು. ನೀವು ದಿನಾ ನೋಡಿ ನೋಡಿ ಬರದದ್ದು ಸುಳ್ಳ ಹೆಂಗ ಆಗತೈತ್ರಿ?”

“ಸುಳ್ಳರಿ! ನಾ ಸುಳ್ಳ ಬರದದ್ದು. ನಿಮಗ ಒಂಬತ್ತು ಇತ್ತು. ದಿನಾ ನೀವ ಗೆಲ್ಲತಿದ್ರಿ, ಜನಾ ಎದ್ದು ಹೋದ್ರು, ಅದಕ್ಕ ಮೂರು ಮಾಡಿದ್ನಿ. ಕಾರಣಾ ನನ್ನ ತಲಿಯಿಂದ ಹುಟ್ಟಿಸಿದ್ದು. ನೀವು ಸ್ಟೇರಿಂಗ ಬಗ್ಗೆ ಎರಡ ಸಲ ಬರಿಸಿದ್ರಿ, ಅದನ್ನ ನಾನ ಬಿಟ್ಟು ನಕಲ ಮಾಡಿದ್ನಿ.”

ಅವನು ನನ್ನನ್ನೇ ನೋಡಿದ. ಸಿಟ್ಟು ಬರುತ್ತದೆ ಎಂದು ಕಾದೆ. ಬಂದದ್ದು ಕರುಣೆ. ಮುದುಕರು ಅಳುವ ಮಕ್ಕಳನ್ನು ನೋಡುವ ಹಾಗೆ ನೋಡಿ, ಹಗ್ಗ ಬಿಟ್ಟು ನನ್ನ ಕೈ ಹಿಡಿದುಕೊಂಡ.

“ನೀವು ದೊಡ್ಡ ಮನಸಿನವರು ಗುಮಾಸ್ತರ. ದೇವರ ಪೂಜಿ ಮಾಡಾವ್ರ ಮನೆತನ. ನನ್ನ ಸಮಾಧಾನ ಮಾಡಾಕ ಅಂತ ಇಷ್ಟ ದೂರ ಬಂದು, ನಿಮ್ಮ ಮ್ಯಾಲ ಹಾಕ್ಕೊಂಡು ಮಾತಾಡಾಕತ್ತೀರಿ. ಈರಣ್ಣನೂ ಬಂದು ಹಿಂಗ ಹೇಳಿ ಹೋದ. ಬ್ಯಾಡರಿ. ಯಲ್ಲಪ್ಪನ ಹೇಂತಿಗೆ ನಾನ ಹೋಗಿ ಕಾಲಿಗೆ ಬಿದ್ದು ಹೇಳಿ ಬಂದೀನಿ, ಕಣ್ಣ ಹತ್ತಿತ್ತವ್ವ, ನನ್ನದ ತಪ್ಪು ಅಂತ. ಅಕಿ ಉಗಳಿದ್ಳು. ಉಗಳಿಸಿಕೊಂಡ ಮ್ಯಾಲ ನನಗ ಸ್ವಲ್ಪ ನಿದ್ದಿ ಬರಾಕತ್ತೈತಿ. ಈಗ ಅದನ್ನ ಕೆಡಸಬ್ಯಾಡ್ರಿ.”

ನಾನು ಇನ್ನೊಂದು ಸಲ ಹೇಳಲು ಬಾಯಿ ತೆರೆದೆ. ಆಣೆ ಮಾಡಲೇ? ಯಾವ ದೇವರ ಮೇಲೆ? ಕೋರ್ಟಿನಲ್ಲಿ ಆಣೆ ಮಾಡಿಯೇ ಹೇಳಿದ್ದೆನಲ್ಲ. ಬರೆದು ತೋರಿಸೋಣವೆಂದರೆ ಅವನಿಗೆ ಓದಲು ಬರುವುದಿಲ್ಲ. ನನ್ನ ಬರಹದ ಮೇಲೆ ಅವನಿಟ್ಟ ನಂಬಿಕೆ ಮಾತ್ರ ಅವನ ಬಳಿ ಇತ್ತು. ಅದನ್ನು ಸುಳ್ಳು ಮಾಡುವ ಶಕ್ತಿ ನನ್ನ ಬಾಯಿಗೆ ಉಳಿದಿರಲಿಲ್ಲ.

ಎದ್ದೆ. ಬಸ್‌ಸ್ಟ್ಯಾಂಡಿನ ತನಕ ಕಳಿಸಲು ಅವನೇ ಬಂದ. ಬಿಸಿಲಿತ್ತು. ದಾರಿಯಲ್ಲಿ ಒಂದು ಲಾರಿ ಹಾದುಹೋದಾಗ ಮುಖ ತಿರುಗಿಸಿ ಗೋಡೆಯ ಕಡೆ ನಿಂತ, ಹೋದ ಮೇಲೆ ಮತ್ತೆ ನಡೆದ. ಗದಗಿನ ಬಸ್ಸು ಹೊರಡುವುದರಲ್ಲಿತ್ತು. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಅವನು ಕೆಳಗಿನಿಂದ ಕಿಟಕಿಯ ಸರಳು ಹಿಡಿದು, ಯಾರಿಗೂ ಕೇಳಿಸದ ಹಾಗೆ ಹೇಳಿದ:

“ಗುಮಾಸ್ತರ, ಮುಂದ ಹೋಗಿ ಡ್ರೈವರನ ಹತ್ತಿರ ಕುಂಡ್ರಿ. ಏನರ ಮಾತಾಡಿಸ್ಕೋತ ಹೋಗ್ರಿ. ಊಟ ಆದ ಹೊತ್ತೈತಿ, ಕಣ್ಣ ಹತ್ತಿದ್ರ ಅಂವಗ ಗೊತ್ತಾಗಂಗಿಲ್ಲ.”

ನಾನು ಎದ್ದು ಮುಂದಿನ ಸೀಟಿಗೆ ಹೋದೆ. ಬಸ್ಸು ಹೊರಟಿತು. ಗದಗ ಬರುವ ತನಕ ಚಾಲಕನ ಬೆನ್ನನ್ನೇ ನೋಡುತ್ತ ಕೂತಿದ್ದೆ. ಒಂದು ಮಾತೂ ಆಡಲಾಗಲಿಲ್ಲ.